ಹಿಡಿ ಮಣ್ಣಿನಿಂದ ಹಿಡುವಳಿಯವರೆಗೆ

ಕನ್ನಡದಲ್ಲಿ ಬಿಡುವಿಲ್ಲದೆ ದುಡಿಯುವ ಪದಗಳ ಪಟ್ಟಿ ಮಾಡಿದರೆ ‘ಹಿಡಿ’ಗೆ ಮೊದಲ ಸಾಲಿನಲ್ಲೇ ಜಾಗ ಕೊಡಬೇಕಾಗುತ್ತದೆ. ಹೊಳೆಯಲ್ಲಿ ಮೀನು ಹಿಡಿಯುತ್ತೇವೆ, ನಿಲ್ದಾಣದಲ್ಲಿ ಬಸ್ಸು ಹಿಡಿಯುತ್ತೇವೆ, ಮಳೆಯಲ್ಲಿ ಕೊಡೆ ಹಿಡಿಯುತ್ತೇವೆ. ಪೊಲೀಸರು ಕಳ್ಳನನ್ನು ಹಿಡಿಯುತ್ತಾರೆ. ವಿಜ್ಞಾನಿ ಹೊಸದನ್ನು ಕಂಡುಹಿಡಿಯುತ್ತಾನೆ. ಹೈಕೋರ್ಟು ಕೆಳಗಿನ ಕೋರ್ಟಿನ ತೀರ್ಪನ್ನು ಎತ್ತಿಹಿಡಿಯುತ್ತದೆ, ಸರ್ಕಾರ ನೌಕರನ ಬಡ್ತಿಯನ್ನು ತಡೆಹಿಡಿಯುತ್ತದೆ. ಮದುವೆಯೆಂದರೆ ಕೈ ಹಿಡಿಯುವುದು, ದೈನ್ಯವೆಂದರೆ ಕಾಲು ಹಿಡಿಯುವುದು. ಕೊಡ ಎಷ್ಟು ನೀರು ಹಿಡಿಯುತ್ತದೆ, ಕೆಲಸಕ್ಕೆ ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಕೇಳುವಾಗಲೂ ಬರುವುದು ಈ ಪದವೇ. ಮನಸ್ಸಿಗೆ ಒಪ್ಪಿದ್ದು ‘ಹಿಡಿಸುತ್ತದೆ’. ಬೀದರಿನಿಂದ ಹಿಡಿದು ಚಾಮರಾಜನಗರದವರೆಗೆ ಎನ್ನುವಾಗ ಇಡೀ ರಾಜ್ಯವೇ ಈ ಮುಷ್ಟಿಯೊಳಗೆ ಬಂದುಬಿಡುತ್ತದೆ.

ಇನ್ನೊಂದು ವಿಶೇಷವನ್ನು ಗಮನಿಸಬೇಕು. ಅರ್ಧದಷ್ಟು ಬಳಕೆಗಳಲ್ಲಿ ಹಿಡಿಯುವವರು ನಾವು. ಉಳಿದ ಅರ್ಧದಲ್ಲಿ ನಮ್ಮನ್ನೋ ನಮ್ಮ ವಸ್ತುಗಳನ್ನೋ ಇನ್ನೇನೋ ಹಿಡಿಯುತ್ತದೆ. ಹುಚ್ಚು ಹಿಡಿಯುತ್ತದೆ, ದೆವ್ವ ಹಿಡಿಯುತ್ತದೆ, ಕಬ್ಬಿಣಕ್ಕೆ ತುಕ್ಕು, ರೊಟ್ಟಿಗೆ ಬೂಷ್ಟು, ಸೂರ್ಯನಿಗೆ ಗ್ರಹಣ ಹಿಡಿಯುತ್ತದೆ. ಹಿಡಿತ ಯಾರದು, ಯಾರ ಮೇಲೆ ಎಂಬ ಪ್ರಶ್ನೆ ಈ ಪದದ ಹುಟ್ಟಿನಲ್ಲೇ ಇದೆ.

ಇಂಥ ಮನೆಬಳಕೆಯ ಪದವೊಂದು ಕಂದಾಯ ಇಲಾಖೆಯ ಕಡತ ಹೊಕ್ಕು ‘ಹಿಡುವಳಿ’ಯಾದಾಗ ಅದರ ತೂಕವೇ ಬೇರೆಯಾಯಿತು. ಹೊಲವನ್ನು ಹಿಡಿದವರು ಯಾರು? ಕತ್ತಿ ಹಿಡಿದವರೇ, ಕಾಗದ ಹಿಡಿದವರೇ, ನೇಗಿಲಿನ ಮೇಳಿ ಹಿಡಿದವರೇ? ಕೃಷ್ಣಾ ಮತ್ತು ತುಂಗಭದ್ರೆಯರ ನಡುವಿನ ರಾಯಚೂರು ಸೀಮೆಯ ಏಳು ಶತಮಾನಗಳ ಚರಿತ್ರೆಯನ್ನು ಈ ಒಂದು ಪ್ರಶ್ನೆಯ ಸುತ್ತ ಹೇಳಬಹುದು. ದೇವದುರ್ಗ, ಮಾನ್ವಿ, ಬಾಗಲವಾಡದ ಕಡೆಯ ಹೊಲಗಳಲ್ಲಿ ಪ್ರಶ್ನೆ ಇವತ್ತಿಗೂ ಮುಗಿದಿಲ್ಲ.

ಪಿಡಿ ಹಿಡಿಯಾದದ್ದು

ಪಂಪನ ಕಾಲದ ಕನ್ನಡದಲ್ಲಿ ಈ ಪದ ‘ಪಿಡಿ’ ಎಂದಿತ್ತು. ಪಾಲು ಹಾಲಾದಂತೆ, ಪೂವು ಹೂವಾದಂತೆ, ಪಳ್ಳಿ ಹಳ್ಳಿಯಾದಂತೆ ನಡುಗನ್ನಡದ ಹೊತ್ತಿಗೆ ಪಿಡಿಯೂ ಹಿಡಿಯಾಯಿತು. ತಮಿಳು, ಮಲಯಾಳಂಗಳಲ್ಲಿ ಇಂದಿಗೂ ‘ಪಿಡಿ’ಯೇ ಇದೆ. ತೆಲುಗಿನಲ್ಲಿ ‘ಪಿಡಿ’ ಎಂದರೆ ಆಯುಧದ ಹಿಡಿಕೆ, ‘ಪಿಡಿಕಿಲಿ’ ಎಂದರೆ ಮುಷ್ಟಿ, ‘ಪಿಡಿಕೆಡು’ ಎಂದರೆ ಒಂದು ಹಿಡಿಯಷ್ಟು. ನಾಲ್ಕು ಭಾಷೆಗಳೂ ಸೇರಿ ಹೇಳುವುದಿಷ್ಟು: ಪದದ ತಳದಲ್ಲಿರುವುದು ಮಡಚಿದ ಕೈ.

ಆ ಕೈಯೇ ಅಳತೆಯಾಯಿತು. ಹಿಡಿ ಅಕ್ಕಿ, ಹಿಡಿ ಹುಲ್ಲು, ಹಿಡಿ ಮಣ್ಣು. ಬಡವರ ಮನೆಯ ಈ ಅಳತೆಗೆ ಸೇರು, ಪಾವುಗಳಂತೆ ಸರ್ಕಾರದ ಮುದ್ರೆ ಬೇಕಿರಲಿಲ್ಲ. ಮಣ್ಣನ್ನು ತೂರಿ ಶಪಿಸುವುದು ‘ಹಿಡಿಶಾಪ’ವಾಯಿತು. ಕೈಗೆ ಸಿಕ್ಕುವ ಭಾಗವೂ ‘ಹಿಡಿ’ಯೇ ಆಯಿತು: ಕುಡುಗೋಲಿನ ಹಿಡಿ, ಕೊಡಲಿಯ ಹಿಡಿ, ಖಡ್ಗದ ಹಿಡಿ. ಒಂದೇ ಪದ ಕ್ರಿಯೆಯೂ ಹೌದು, ಕ್ರಿಯೆ ಮಾಡುವ ಮುಷ್ಟಿಯೂ ಹೌದು, ಮುಷ್ಟಿಯೊಳಗಿನ ವಸ್ತುವೂ ಹೌದು. ಪರದೇಶದ ಸರ್ಕಾರವೊಂದನ್ನು ಅಲುಗಾಡಿಸಲು ಗಾಂಧೀಜಿ 1930ರ ಏಪ್ರಿಲ್ 6ರಂದು ದಂಡಿಯ ಕಡಲತೀರದಲ್ಲಿ ಬಾಗಿ ಎತ್ತಿದ್ದೂ ಒಂದು ಹಿಡಿ ಉಪ್ಪನ್ನೇ. ಅದೇ ತಿಂಗಳು ನಮ್ಮ ಅಂಕೋಲೆಯಲ್ಲೂ ಉಪ್ಪಿನ ಸತ್ಯಾಗ್ರಹ ನಡೆಯಿತು. ತೂಕದಲ್ಲಿ ಅದು ಏನೂ ಅಲ್ಲ. ಆದರೆ ‘ಇದು ನಮ್ಮದು’ ಎಂದು ಸಾರುವುದಕ್ಕೆ ಒಂದು ಹಿಡಿ ಸಾಕಿತ್ತು.

ಹಲವು ಭಾಷೆ, ಒಂದೇ ಮುಷ್ಟಿ

ಇಂಗ್ಲಿಷಿನ ‘ಹೋಲ್ಡ್’ ಕೂಡ ನಮ್ಮ ಹಿಡಿಯಷ್ಟೇ ದುಡಿಯುವ ಪದ. ಫೋನಿನಲ್ಲಿ ‘ಹೋಲ್ಡ್ ಮಾಡಿ’ ಎನ್ನುತ್ತೇವೆ. ಸಭೆ ನಡೆಸುವುದು, ಅಭಿಪ್ರಾಯ ಹೊಂದುವುದು, ಹುದ್ದೆಯಲ್ಲಿರುವುದು ಎಲ್ಲವೂ ಅವರಿಗೆ ‘ಹೋಲ್ಡ್’. ಜಮೀನು ‘ಹೋಲ್ಡಿಂಗ್’, ಸಂಸಾರ ‘ಹೌಸ್‌ಹೋಲ್ಡ್’. ಹಡಗಿನ ಸರಕು ತುಂಬುವ ಕೋಣೆಗೂ ‘ಹೋಲ್ಡ್’ ಎನ್ನುತ್ತಾರಾದರೂ ಅದು ಬೇರೆ ಮೂಲದ್ದು. ತೂತು, ಪೊಳ್ಳು ಎಂಬ ಅರ್ಥದ ಪದವೊಂದು ರೂಪ ಬದಲಿಸಿ ಬಂದು ಇದರ ಜೊತೆ ಸೇರಿಕೊಂಡಿದೆ. ಇಂಗ್ಲಿಷಿಗೆ ನಂಟಿರುವ ಪ್ರಾಚೀನ ಗಾಥಿಕ್ ಭಾಷೆಯಲ್ಲಿ ‘ಹಾಲ್ಡನ್’ ಎಂದರೆ ದನಕರು ಕಾಯುವುದು, ಮೇಯಿಸುವುದು ಎಂದರ್ಥ. ಅಂದರೆ ಇಂದಿನ ಈ ಒಡೆತನದ ಪದದ ಹಿಂದೆ ದನಗಾಹಿಯೊಬ್ಬ ನಿಂತಿದ್ದಾನೆ. ತುರು ಕಾಯುತ್ತ ಮಡಿದವರಿಗೆ ಊರೂರಲ್ಲಿ ವೀರಗಲ್ಲು ನಿಲ್ಲಿಸಿದ ಕನ್ನಡ ನಾಡಿಗೆ ಇದು ಅಪರಿಚಿತ ಸಂಗತಿಯೇನಲ್ಲ.

ಲ್ಯಾಟಿನ್‌ನಲ್ಲಿ ಹಿಡಿಯುವುದಕ್ಕೆ ‘ತೆನೆರೆ’ ಎನ್ನುತ್ತಾರೆ. ಅದು ಫ್ರೆಂಚ್ ಮೂಲಕ ಇಂಗ್ಲಿಷಿಗೆ ಬಂದು ‘ಟೆನೆಂಟ್’, ‘ಟೆನ್ಯೂರ್’, ‘ಟೆನೆನ್ಸಿ’ ಆಯಿತು. ಟೆನೆಂಟ್ ಎಂದರೆ ಅಕ್ಷರಶಃ ‘ಹಿಡಿದವನು’. ಮತ್ತೊಬ್ಬರ ಸ್ಥಾನವನ್ನು ಹಿಡಿದವನು ‘ಲೆಫ್ಟಿನೆಂಟ್’. ಚೆಂಡು ಹೊಡೆಯುವ ಮುನ್ನ ಆಟಗಾರರು ಫ್ರೆಂಚಿನಲ್ಲಿ ‘ಹಿಡಿ!’ ಎಂದು ಕೂಗುತ್ತಿದ್ದುದರಿಂದಲೇ ‘ಟೆನಿಸ್’ ಎಂಬ ಹೆಸರು ಬಂತೆಂದು ಪದಶಾಸ್ತ್ರಜ್ಞರು ಹೇಳುತ್ತಾರೆ.

ರಾಯಚೂರು ಸೀಮೆಗೆ ಇವೆಲ್ಲಕ್ಕಿಂತ ಹತ್ತಿರದ್ದು ಅರಬ್ಬಿಯಿಂದ ಹೊರಟು ಪಾರಸಿ, ಉರ್ದುಗಳ ಮೂಲಕ ನಮಗೆ ಬಂದ ‘ಕಬ್ಜಾ’. ಅದರ ಮೂಲಾರ್ಥವೂ ಮುಷ್ಟಿ, ಹಿಡಿಯಷ್ಟು, ಖಡ್ಗದ ಹಿಡಿ. ನಮ್ಮ ‘ಹಿಡಿ’ಯ ಮೂರು ಅರ್ಥಗಳನ್ನೂ ದೂರದ ಮರುಭೂಮಿಯ ಪದವೊಂದು ಹಾಗೆಯೇ ಹೊತ್ತು ತಂದಿದೆ. ಬಾಗಿಲನ್ನು ಚೌಕಟ್ಟಿಗೆ ಹಿಡಿದಿಡುವ ತಿರುಗಣಿಗೂ ಉರ್ದುವಿನಲ್ಲಿ ಕಬ್ಜಾ ಎಂದೇ ಹೆಸರು. ಹೊಟ್ಟೆ ಕಟ್ಟಿಕೊಳ್ಳುವ ಕಾಯಿಲೆಯೂ ಅದೇ ಬೇರಿನ ‘ಕಬ್ಜ್’. ಹಿಡಿದದ್ದನ್ನು ಬಿಡದಿದ್ದರೆ ಆಗುವ ತೊಂದರೆಯನ್ನು ಇದಕ್ಕಿಂತ ಸರಳವಾಗಿ ಹೇಳಲಾಗದು.

ಈ ನೆಲದಲ್ಲಿ ನೆರೆಯ ತೆಲುಗಿನ ಕೊಡುಗೆಯೂ ಇದೆ. ತೆಲುಗಿನಲ್ಲಿ ‘ಪಟ್ಟು’ ಎಂದರೆ ಹಿಡಿ. ಕನ್ನಡದಲ್ಲಿ ಪಟ್ಟು ಎಂದರೆ ಕುಸ್ತಿಯ ಹಿಡಿತ, ಹಟ. ಎರಡನ್ನೂ ಜೋಡಿಸಿ ನಾವು ‘ಪಟ್ಟು ಹಿಡಿ’ಯುತ್ತೇವೆ. ಒಂದು ಮುಷ್ಟಿ ಸಾಲದೆಂದು ಎರಡು ಮುಷ್ಟಿ ಹಾಕಿದಂತೆ!

ಹೀಗೆ ಜಮೀನಿನ ಲೆಕ್ಕಕ್ಕೆ ಮೂರು ಪದಗಳು ಸಿಕ್ಕವು. ಇಂಗ್ಲಿಷಿನ ಟೆನೆಂಟ್, ಉರ್ದುವಿನ ಕಬ್ಜೆದಾರ, ಕನ್ನಡದ ಹಿಡುವಳಿದಾರ. ಮೂರರ ಅರ್ಥವೂ ಒಂದೇ, ‘ಹಿಡಿದವನು’. ಆದರೆ ಹೊಲಕ್ಕೆ ಹೋಗಿ ನೋಡಿದರೆ ಆ ಮೂವರು ಒಬ್ಬರೇ ಆಗಿರುವುದಿಲ್ಲ. ಒಬ್ಬ ಗೇಣಿಗೆ ಉಳುವವನು, ಇನ್ನೊಬ್ಬ ದಾಖಲೆಯಲ್ಲಿ ಹೆಸರಿರುವವನು, ಮತ್ತೊಬ್ಬ ಸರ್ಕಾರಿ ಅಂಕಿಅಂಶಗಳಲ್ಲಿ ಎಣಿಕೆಗೆ ಬರುವವನು. ನಿಘಂಟಿನಲ್ಲಿ ಸಮಾನಾರ್ಥಕಗಳಾದ ಪದಗಳು ನೆಲದ ಮೇಲೆ ಹೇಗೆ ಬೇರೆಬೇರೆ ಮನುಷ್ಯರಾದವು ಎಂಬುದನ್ನು ತಿಳಿಯಲು ಚರಿತ್ರೆಯತ್ತ ತಿರುಗಬೇಕು.

ಕೋಟೆ ಹಿಡಿದವರು

ಎರಡು ಹೊಳೆಗಳ ನಡುವಿನ ಈ ನೆಲವನ್ನು ಶಾಸನಗಳು ‘ಎಡೆದೊರೆ ನಾಡು’ ಎಂದು ಕರೆದಿವೆ. ಪಾರಸಿ ಬಲ್ಲವರು ‘ದೋಆಬ್’, ಎಂದರೆ ಎರಡು ನೀರು, ಎಂದರು. ಫಲವತ್ತಾದ ಎರೆ ನೆಲ, ಎರಡು ಕಡೆ ಹೊಳೆ, ನಡುವೆ ರಾಯಚೂರು ಮತ್ತು ಮುದಗಲ್ಲಿನ ಗಟ್ಟಿ ಕೋಟೆಗಳು. ಇದನ್ನು ಹಿಡಿದವರಿಗೆ ಉತ್ತರಕ್ಕೂ ದಕ್ಷಿಣಕ್ಕೂ ದಾರಿ ತೆರೆಯುತ್ತಿತ್ತು.

ರಾಯಚೂರು ಕೋಟೆಯ ಗೋಡೆಯಲ್ಲಿ ಸುಮಾರು 41 ಅಡಿ ಉದ್ದದ ಕಲ್ಲಿನ ಚಪ್ಪಡಿಯೊಂದಿದೆ. ಅದರ ಮೇಲೆ 1294ರ ತೆಲುಗು ಶಾಸನವಿದೆ. ಕೋಟೆ ಕಟ್ಟಿದ್ದು ಕಾಕತೀಯರ ಆಳ್ವಿಕೆಯಲ್ಲಿ ಎಂಬುದು ತಿಳಿಯುವುದು ಇದರಿಂದಲೇ. ಅಷ್ಟು ದೊಡ್ಡ ಚಪ್ಪಡಿಯನ್ನು ಗಾಡಿಯ ಮೇಲೆ ಹೇರಿ ಎಳೆದು ತಂದ ಬಗೆಯನ್ನು ತೋರಿಸುವ ಚಿತ್ರವೂ ಅಲ್ಲಿದೆ. ಕಟ್ಟಿಸಿದವರ ಹೆಸರು ಶಾಸನದಲ್ಲಿ ಉಳಿಯಿತು, ಎಳೆದು ತಂದವರು ಚಿತ್ರವಾಗಿ ಉಳಿದರು.

ಮುಂದೆ ಬಹಮನಿ ಸುಲ್ತಾನರು ಮತ್ತು ವಿಜಯನಗರದ ಅರಸರು ಒಂದೂವರೆ ಶತಮಾನ ಈ ನೆಲಕ್ಕಾಗಿ ಬಡಿದಾಡಿದರು. ಬಹಮನಿ ರಾಜ್ಯ ಒಡೆದ ಮೇಲೆ ಜಗಳ ವಿಜಾಪುರದ ಆದಿಲಶಾಹಿಗಳ ಪಾಲಿಗೆ ಬಂತು. 1520ರಲ್ಲಿ ಕೃಷ್ಣದೇವರಾಯ ಇಸ್ಮಾಯಿಲ್ ಆದಿಲಶಹನನ್ನು ಸೋಲಿಸಿ ರಾಯಚೂರು ಕೋಟೆಯನ್ನು ಹಿಡಿದ. ಪೋರ್ಚುಗೀಸ್ ಬರಹಗಾರ ಫೆರ್ನಾವ್ ನೂನಿಜ್ ಈ ಮುತ್ತಿಗೆಯನ್ನು ವಿವರವಾಗಿ ಬರೆದಿದ್ದಾನೆ. ಗೋಡೆಯಿಂದ ಕಿತ್ತು ತಂದ ಕಲ್ಲುಗಳನ್ನು ದಳಪತಿಗಳು ಗಾತ್ರಕ್ಕೆ ತಕ್ಕಂತೆ ಹತ್ತರಿಂದ ಐವತ್ತು ಹಣದವರೆಗೆ ಕೊಟ್ಟು ಕೊಳ್ಳುತ್ತಿದ್ದರು ಎಂಬುದು ಆತ ಕೊಡುವ ಸ್ವಾರಸ್ಯಕರ ಸಂಗತಿ. ರಾಯರು ಕೋಟೆ ಹಿಡಿದರು ಎಂದು ನಾವು ಪಾಠದಲ್ಲಿ ಓದುತ್ತೇವೆ. ನಿಜವಾಗಿ ಅದನ್ನು ಹಿಡಿದದ್ದು ಒಂದೊಂದೇ ಕಲ್ಲನ್ನು ಕೈಯಾರೆ ಕಿತ್ತ ಕಾಲಾಳುಗಳು.

ಆ ಹಿಡಿತವೂ ಉಳಿಯಲಿಲ್ಲ. 1565ರ ರಕ್ಕಸಗಿ-ತಂಗಡಗಿ ಯುದ್ಧದ ನಂತರ ನೆಲ ಆದಿಲಶಾಹಿಗಳಿಗೆ ಹೋಯಿತು. 1686ರಲ್ಲಿ ವಿಜಾಪುರ ಬಿದ್ದಾಗ ಮೊಗಲರಿಗೆ, ಹದಿನೆಂಟನೆಯ ಶತಮಾನದಲ್ಲಿ ಹೈದರಾಬಾದಿನ ನಿಜಾಮರಿಗೆ. ಖಡ್ಗದ ಹಿಡಿ ಕೈಯಿಂದ ಕೈಗೆ ಹೋದಂತೆಲ್ಲ ಕಂದಾಯ ಸೇರುವ ಊರು ಬದಲಾಯಿತು. ಕಂದಾಯ ತೆರುವ ಕೈ ಮಾತ್ರ ಅದೇ ಮೇಳಿಯ ಮೇಲೆ ಇತ್ತು.

ಒತ್ತಿ ಬಿದ್ದ ಸೀಮೆ

ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ‘ಹೊಲ ಒತ್ತಿ ಹಾಕಿದ’ ಎಂಬ ಮಾತಿದೆ. ಸಾಲ ಕೊಟ್ಟವನು ಸಾಲ ತೀರುವವರೆಗೆ ಹೊಲವನ್ನು ತಾನೇ ಹಿಡಿದು ಅದರ ಫಲ ಉಣ್ಣುತ್ತಾನೆ. ಸಾಲಗಾರ ತನ್ನದೇ ಹೊಲದ ಬದುವಿನ ಮೇಲೆ ನಿಂತು ನೋಡುತ್ತಾನೆ. ರೈತರ ಮನೆಯ ಈ ಸಂಕಟ ಒಮ್ಮೆ ಇಡೀ ರಾಯಚೂರು ಸೀಮೆಗೇ ಬಂದಿತ್ತು.

ನಿಜಾಮರ ರಾಜ್ಯದಲ್ಲಿ ಬ್ರಿಟಿಷರು ‘ಹೈದರಾಬಾದ್ ಕಂಟಿಂಜೆಂಟ್’ ಎಂಬ ಸೈನ್ಯವಿಟ್ಟಿದ್ದರು. ಅದರ ಖರ್ಚು ನಿಜಾಮರದು. ಬಾಕಿ ಬೆಳೆಯಿತು. 1853ರಲ್ಲಿ ಗವರ್ನರ್ ಜನರಲ್ ಡಾಲ್‌ಹೌಸಿಯ ಕಾಲದಲ್ಲಿ ಒಪ್ಪಂದವಾಗಿ ಬೀರಾರ, ಧಾರಾಶಿವ (ಉಸ್ಮಾನಾಬಾದ್) ಮತ್ತು ರಾಯಚೂರು ದೋಆಬ್‌ಗಳನ್ನು ಬ್ರಿಟಿಷರ ಆಡಳಿತಕ್ಕೆ ಒಪ್ಪಿಸಲಾಯಿತು. ಹೆಸರಿಗೆ ನೆಲ ನಿಜಾಮರದು, ಹಿಡಿತ ಕಂಪನಿಯದು. 1857ರ ದಂಗೆಯಲ್ಲಿ ನಿಜಾಮರು ಬ್ರಿಟಿಷರ ಕಡೆ ನಿಂತದ್ದಕ್ಕೆ ಬಹುಮಾನವೆಂಬಂತೆ 1860ರಲ್ಲಿ ರಾಯಚೂರು ಮತ್ತು ಧಾರಾಶಿವ ಮರಳಿದವು. ದಂಗೆಯ ನಂತರ ಕಸಿದುಕೊಂಡ ಸುರಪುರದ ನಾಯಕರ ಸೀಮೆಯನ್ನೂ ಅವರಿಗೇ ಕೊಟ್ಟರು. ಏಳು ವರ್ಷ ಒತ್ತಿ ಬಿದ್ದಿದ್ದ ಹೊಲವನ್ನು ಬಿಡಿಸಿಕೊಟ್ಟಂತೆ ನಡೆದ ವ್ಯವಹಾರ ಅದು. ಬಿತ್ತುವವರನ್ನು ಹೋಗುವಾಗಲೂ ಯಾರೂ ಕೇಳಲಿಲ್ಲ, ಬರುವಾಗಲೂ ಕೇಳಲಿಲ್ಲ.

ನಿಜಾಮರ ಕಾಲದ ಎಲ್ಲ ಹಳ್ಳಿಗಳೂ ನೇರ ಸರ್ಕಾರದ ಕೈಯಲ್ಲಿರಲಿಲ್ಲ. ಜಾಗೀರುಗಳಿದ್ದವು, ಇನಾಮುಗಳಿದ್ದವು. ಗದ್ವಾಲ, ಗುರುಗುಂಟಾ, ಆನೆಗೊಂದಿಯಂಥ ಸಂಸ್ಥಾನಗಳಿದ್ದವು. ಕೊಪ್ಪಳ ಸಾಲಾರ್ ಜಂಗ್ ಮನೆತನದ ಜಾಗೀರಾಗಿತ್ತು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಆಡಳಿತದಲ್ಲಿ ಪಾರಸಿಯ ಜಾಗಕ್ಕೆ ಉರ್ದು ಬಂತು. ಕನ್ನಡ ಆಡುವ ರೈತನ ಹೊಲ ಉರ್ದು ಕಾಗದದಲ್ಲಿ ದಾಖಲಾಯಿತು. ಕಬ್ಜಾ, ಪಟ್ಟಾ, ಜಮಾಬಂದಿ ಎಂಬ ಪದಗಳು ಹಳ್ಳಿಯ ಮಾತಿನಲ್ಲಿ ಬೇರೂರಿದ್ದು ಹಾಗೆ. ಪದಗಳ ಬಗ್ಗೆ ತಕರಾರಿರಲಿಲ್ಲ. ಓದಲು ಬಾರದ ಕಾಗದದಲ್ಲಿ ತನ್ನ ಹೆಸರಿದೆಯೋ ಇಲ್ಲವೋ ಎಂದು ತಿಳಿಯಲು ರೈತ ಇನ್ನೊಬ್ಬರ ಕಾಲು ಹಿಡಿಯಬೇಕಾಗಿತ್ತು ಎಂಬುದೇ ತೊಂದರೆ.

ಕೊಳಗದ ಜಗಳ, ಕಾಯ್ದೆಯ ಉತ್ತರ

1948ರ ಸೆಪ್ಟೆಂಬರ್ 17ರಂದು ಹೈದರಾಬಾದ್ ಸಂಸ್ಥಾನದ ಪ್ರತ್ಯೇಕ ಆಳ್ವಿಕೆ ಕೊನೆಗೊಂಡಿತು. ಮರುವರ್ಷವೇ ಜಾಗೀರುಗಳು ರದ್ದಾದವು. 1950ರಲ್ಲಿ ಹೈದರಾಬಾದ್ ಗೇಣಿ ಮತ್ತು ಕೃಷಿ ಭೂಮಿ ಕಾಯ್ದೆ ಬಂತು. ನಿಗದಿತ ಅವಧಿಯಲ್ಲಿ ಆರು ವರ್ಷಗಳಿಗೆ ಕಡಿಮೆಯಿಲ್ಲದಂತೆ ಹೊಲವನ್ನು ಹಿಡಿದು ಉತ್ತವನಿಗೆ ‘ಸಂರಕ್ಷಿತ ಗೇಣಿದಾರ’ ಎಂಬ ಸ್ಥಾನ ಸಿಕ್ಕಿತು. ಕತ್ತಿಯ ಹಿಡಿಗೂ ಕಾಗದದ ಹಿಡಿಗೂ ಇದ್ದ ಮರ್ಯಾದೆಯಲ್ಲಿ ಸ್ವಲ್ಪವನ್ನು ಮೇಳಿಯ ಹಿಡಿಗೂ ಕೊಟ್ಟ ಕಾಯ್ದೆ ಅದು. 1956ರ ನವೆಂಬರ್ 1ರಂದು ರಾಯಚೂರು ವಿಶಾಲ ಮೈಸೂರನ್ನು ಸೇರಿತು. ಗದ್ವಾಲ, ಆಲಂಪುರ ತಾಲ್ಲೂಕುಗಳು ಆಂಧ್ರದ ಕಡೆ ಹೋದವು.

ಅದೇ ಹೊತ್ತಿಗೆ ಮಲೆನಾಡಿನಲ್ಲೂ ಇದೇ ಪ್ರಶ್ನೆ ಬೇರೆ ರೂಪದಲ್ಲಿ ಎದ್ದಿತ್ತು. ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ನಡೆಸಿದ ಸತ್ಯಾಗ್ರಹಕ್ಕೆ ಕಿಡಿಯಾದದ್ದು ಗೇಣಿ ಭತ್ತ ಅಳೆಯುವ ಕೊಳಗದ ಗಾತ್ರ. ಒಡೆಯರ ಕೊಳಗ ದೊಡ್ಡದು. ಅದು ‘ಹಿಡಿಯುವಷ್ಟು’ ಭತ್ತ ಲೆಕ್ಕಕ್ಕಿಂತ ಹೆಚ್ಚು. ಎಚ್. ಗಣಪತಿಯಪ್ಪ ಮುಂದಾಳಾಗಿದ್ದ ಈ ಹೋರಾಟಕ್ಕೆ ರಾಮಮನೋಹರ ಲೋಹಿಯಾ ಕೂಡ ಬಂದು ಬಂಧನಕ್ಕೊಳಗಾದರು. ಕೆಲವು ಹಿಡಿ ಭತ್ತದ ಜಗಳ ‘ಉಳುವವನೇ ಹೊಲದೊಡೆಯ’ ಎಂಬ ರಾಜ್ಯವ್ಯಾಪಿ ಕೂಗಿಗೆ ಬಲ ಕೊಟ್ಟಿತು.

1961ರ ಭೂಸುಧಾರಣಾ ಕಾಯ್ದೆ 1965ರ ಅಕ್ಟೋಬರ್ 2ರಿಂದ ಜಾರಿಗೆ ಬಂದರೂ ಅದರಲ್ಲಿ ಒಡೆಯರಿಗೆ ನುಸುಳಲು ದಾರಿಗಳಿದ್ದವು. ದೇವರಾಜ ಅರಸರ ಸರ್ಕಾರ ಮಾಡಿದ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಯಾಯಿತು. ಆ ದಿನಕ್ಕೆ ಮುಂಚೆ ಗೇಣಿದಾರರ ಕೈಯಲ್ಲಿದ್ದ ಜಮೀನೆಲ್ಲ ಸರ್ಕಾರಕ್ಕೆ ಸೇರಿತು. ಗೇಣಿದಾರರು ಏಳನೇ ನಮೂನೆಯಲ್ಲಿ ಅರ್ಜಿ ಹಾಕಿ ಅದನ್ನು ತಮ್ಮ ಹೆಸರಿಗೆ ಪಡೆಯಬೇಕಿತ್ತು. ತೀರ್ಪು ಕೊಡಲು ತಾಲ್ಲೂಕುಗಳಲ್ಲಿ ಭೂನ್ಯಾಯ ಮಂಡಳಿಗಳು ಕುಳಿತವು. ಮೊದಲ ವರ್ಷಗಳಲ್ಲಿ ಈ ಮಂಡಳಿಗಳ ಮುಂದೆ ವಕೀಲರು ವಾದಿಸುವಂತಿರಲಿಲ್ಲ. ಹೊಲ ಹಿಡಿದವರು ಯಾರೆಂದು ಹೇಳಲು ರೈತನೇ ಬಾಯಿ ಬಿಡಬೇಕಿತ್ತು, ಸುತ್ತಲ ಹೊಲದವರು ಸಾಕ್ಷಿ ನುಡಿಯಬೇಕಿತ್ತು. ಅರ್ಜಿ ಹಾಕುವ ಅವಧಿ ವಿಸ್ತರಣೆಯಾಗುತ್ತ 1979ರ ಜೂನ್ 30ಕ್ಕೆ ಮುಗಿಯಿತು.

ಟೆನೆಂಟ್, ಕಬ್ಜೆದಾರ, ಹಿಡುವಳಿದಾರ ಎಂಬ ಮೂರು ಪದಗಳನ್ನು ಒಬ್ಬನೇ ಮನುಷ್ಯನಲ್ಲಿ ಸೇರಿಸಲು ಈ ನಾಡು ಮಾಡಿದ ಅತಿ ದೊಡ್ಡ ಪ್ರಯತ್ನ ಇದು. ಗೇಣಿ ಪದ್ಧತಿ ಬಲವಾಗಿದ್ದ ಕರಾವಳಿ ಮತ್ತು ಮಲೆನಾಡಿನಲ್ಲಿ ಅದರ ಫಲ ಎದ್ದು ಕಂಡಿತು. ರಾಯಚೂರಿನಂಥ ಬಯಲುಸೀಮೆಯಲ್ಲಿ ಅಷ್ಟು ಕಾಣಲಿಲ್ಲ. ಇಲ್ಲಿ ಗೇಣಿ ಬಹುಮಟ್ಟಿಗೆ ಬಾಯಿಮಾತಿನದು. ಕಾಗದವಿಲ್ಲದ ಕಡೆ ಸಾಕ್ಷಿ ಬೇಕು. ಸಾಕ್ಷಿ ಹೇಳಬೇಕಾದವನೂ ಅದೇ ಒಡೆಯರ ಹಂಗಿನಲ್ಲಿದ್ದವನು.

ಪಹಣಿಯ ಎರಡು ಕಲಂ

ರೈತರು ಪಹಣಿ ಎನ್ನುವ ಕಾಗದದ ಪೂರ್ಣ ಹೆಸರು ‘ಹಕ್ಕು, ಗೇಣಿ ಮತ್ತು ಬೆಳೆಗಳ ದಾಖಲೆ’. ಅದರಲ್ಲಿ ಕಬ್ಜೆದಾರರ ಹೆಸರಿಗೆ ಒಂದು ಕಲಂ ಇದೆ, ಸಾಗುವಳಿದಾರರ ಹೆಸರಿಗೆ ಇನ್ನೊಂದು. ಕಾಗದ ರೂಪಿಸಿದವರಿಗೆ ಹಿಡಿಯುವವರು ಬೇರೆ, ಉಳುವವರು ಬೇರೆ ಇರಬಹುದೆಂದು ಗೊತ್ತಿತ್ತು. ಎರಡು ಸಾವಿರದ ಇಸವಿಯ ಹೊತ್ತಿಗೆ ‘ಭೂಮಿ’ ಯೋಜನೆಯಡಿ ಸುಮಾರು 67 ಲಕ್ಷ ಭೂಮಾಲೀಕರ 2 ಕೋಟಿಯಷ್ಟು ದಾಖಲೆಗಳು ಕಂಪ್ಯೂಟರಿಗೆ ಸೇರಿದವು. ಶಾನುಭೋಗರ, ಗ್ರಾಮಲೆಕ್ಕಿಗರ ಕೈಯಲ್ಲಿದ್ದ ಪಹಣಿ ತಾಲ್ಲೂಕು ಕಚೇರಿಯ ಕಿಟಕಿಗೆ ಬಂತು. ಈಗ ಮೊಬೈಲಿನಲ್ಲೂ ನೋಡಬಹುದು. ಓದಲು ಬಾರದ ಭಾಷೆಯ ಕಾಲಕ್ಕೆ ಹೋಲಿಸಿದರೆ ಇದು ಸಣ್ಣ ಸಂಗತಿಯಲ್ಲ.

ಆದರೆ ಪಹಣಿ ಕೈಗೆ ಸಿಕ್ಕಷ್ಟು ಸುಲಭವಾಗಿ ಸತ್ಯ ಸಿಕ್ಕಿಲ್ಲ. 1974ರ ಕಾಯ್ದೆ ಗೇಣಿದಾರನನ್ನು ಒಡೆಯನನ್ನಾಗಿ ಮಾಡಿದ ಮೇಲೆ ಮುಂದಕ್ಕೆ ಗೇಣಿ ಕೊಡುವುದನ್ನೇ, ಕೆಲವು ವಿನಾಯಿತಿಗಳ ಹೊರತು, ನಿಷೇಧಿಸಿತು. ಉದ್ದೇಶ ಒಳ್ಳೆಯದೇ. ಮತ್ತೆ ಹೊಸ ಒಡೆಯರು ಹುಟ್ಟಬಾರದು ಎಂಬುದು. ಆದರೆ ಹೊಲವಿದ್ದವರೆಲ್ಲ ಉಳುವುದಿಲ್ಲ, ಉಳುವವರಿಗೆಲ್ಲ ಹೊಲವಿಲ್ಲ. ಹೀಗಾಗಿ ಗೇಣಿ ನಿಲ್ಲಲಿಲ್ಲ, ಕಾಗದದಿಂದ ಮಾತ್ರ ಮಾಯವಾಯಿತು. ‘ಈ ವರ್ಷ ನಾಕು ಎಕರೆ ಲಾವಣಿ ಹಿಡದೀನ್ರಿ’ ಎಂಬ ಮಾತು ಈ ಭಾಗದ ಸಂತೆಯಲ್ಲಿ, ಚಹದಂಗಡಿಯಲ್ಲಿ ಸಾಮಾನ್ಯ. ಬರೆದುಕೊಟ್ಟರೆ ಹೊಲವೇ ಕೈಬಿಟ್ಟೀತೆಂಬ ಅಂಜಿಕೆ ಒಡೆಯನಿಗೆ. ಬರೆದುಕೊಡಿ ಎಂದರೆ ಮುಂದಿನ ವರ್ಷ ಹೊಲವೇ ಸಿಗದೆಂಬ ಅಂಜಿಕೆ ಹಿಡಿದವನಿಗೆ.

ಇದರ ಬೆಲೆ ತೆರಬೇಕಾಗುವುದು ಮಳೆ ಕೈಕೊಟ್ಟಾಗ. ಬೆಳೆ ಸಾಲ, ಬೆಳೆ ವಿಮೆ, ಬರ ಅಥವಾ ನೆರೆ ಪರಿಹಾರ ಎಲ್ಲವೂ ದಾಖಲೆಯಲ್ಲಿರುವ ಹೆಸರನ್ನೇ ಹುಡುಕಿಕೊಂಡು ಹೋಗುತ್ತವೆ. 2016ರಲ್ಲಿ ಶುರುವಾದ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ಗೇಣಿದಾರರೂ ಸೇರಬಹುದು. ಆದರೆ ತಾನು ಗೇಣಿದಾರನೆಂದು ತೋರಿಸಲು ಕಾಗದ ಬೇಕು. ಹತ್ತಿಗೆ, ಮೆಣಸಿನಕಾಯಿಗೆ ಸಾಲ ಮಾಡಿ ಬೀಜ, ಗೊಬ್ಬರ, ಔಷಧಿ ಹಾಕಿದವನು ಲಾವಣಿ ಹಿಡಿದವನು. ಬೆಳೆ ಹೋದಾಗ ಪರಿಹಾರ ಜಮೆಯಾಗುವುದು ಪಹಣಿ ಹಿಡಿದವನ ಖಾತೆಗೆ. ಅದೇ ವರ್ಷ ನೀತಿ ಆಯೋಗದ ಪರಿಣತರ ಸಮಿತಿಯೊಂದು ಗೇಣಿಯನ್ನು ಕಾನೂನುಬದ್ಧಗೊಳಿಸುವ ಮಾದರಿ ಕಾಯ್ದೆಯನ್ನು ಸಿದ್ಧಪಡಿಸಿತು. ಒಡೆಯನ ಹಕ್ಕಿಗೆ ಧಕ್ಕೆಯಿಲ್ಲದೆ, ಗೇಣಿದಾರನಿಗೆ ಸಾಲ, ವಿಮೆ ಸಿಗುವಂತೆ ಮಾಡುವುದು ಅದರ ಆಶಯ. 2020ರಲ್ಲಿ ಕರ್ನಾಟಕ ತನ್ನ ಭೂಸುಧಾರಣಾ ಕಾಯ್ದೆಗೆ ಇನ್ನೊಂದು ದಿಕ್ಕಿನ ತಿದ್ದುಪಡಿ ತಂದಿತು. ಕೃಷಿಕರಲ್ಲದವರು ಕೃಷಿ ಜಮೀನು ಕೊಳ್ಳುವುದಕ್ಕೆ ಇದ್ದ ನಿರ್ಬಂಧಗಳನ್ನು ತೆಗೆದುಹಾಕಿತು. ರೈತ ಸಂಘಟನೆಗಳು ಅದನ್ನು ವಿರೋಧಿಸಿ ಬೀದಿಗಿಳಿದವು. ಮೇಳಿ ಹಿಡಿಯದವರೂ ಹೊಲ ಹಿಡಿಯಬಹುದೇ ಎಂಬ ಹಳೆಯ ಪ್ರಶ್ನೆಯೇ ಮತ್ತೆ ಬೀದಿಯಲ್ಲಿತ್ತು.

ದಾಖಲೆಯಲ್ಲಿ ಕಾಣದ ಇನ್ನೊಂದು ಕೈ ಹೆಣ್ಣಿನದು. ಬಯಲುಸೀಮೆಯ ಬಿತ್ತನೆಯಲ್ಲಿ ಗಂಡಸು ಎತ್ತು ಹೊಡೆದರೆ ಕೂರಿಗೆಯ ಬಟ್ಟಲಿಗೆ ಹಿಡಿಯಿಂದ ಬೀಜ ಬಿಡುತ್ತಿದ್ದವಳು ಹೆಂಗಸು. ಬೆರಳಿನ ಸಂದಿಯಲ್ಲಿ ಕಾಳು ಹದವಾಗಿ ಇಳಿಯಬೇಕು. ಸಾಲು ದಟ್ಟವಾಗುವುದೂ ತೆಳುವಾಗುವುದೂ ಆ ಹಿಡಿಯ ಮೇಲೆ ನಿಂತ ಮಾತು. ಅಂಥವಳ ಹೆಸರು ಹಿಡುವಳಿಯ ಕಲಂ ಸೇರಲು ಕಾಯ್ದೆ ಬೇಕಾಯಿತು. ಕರ್ನಾಟಕ 1994ರಲ್ಲಿ, ಇಡೀ ದೇಶ 2005ರಲ್ಲಿ ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಗಂಡುಮಕ್ಕಳ ಸಮಾನ ಹಕ್ಕು ಕೊಟ್ಟವು. ಹಕ್ಕುಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿಕೊಂಡು ಅರಿಶಿನ ಕುಂಕುಮ ಕೊಟ್ಟು ಕಳಿಸುವ ರೂಢಿ ಮಾತ್ರ ಕಾಯ್ದೆಯ ಜೊತೆಗೇ ನಡೆದುಬಂದಿದೆ.

ನೀರು ಹಿಡಿದವರು

ಎಡೆದೊರೆ ನಾಡಿನಲ್ಲಿ ನೆಲ ಹಿಡಿದರಷ್ಟೇ ಸಾಲದು, ನೀರೂ ಹಿಡಿಯಬೇಕು. 1953ರಲ್ಲಿ ತುಂಗಭದ್ರಾ ಜಲಾಶಯದಿಂದ ನೀರು ಹರಿಯತೊಡಗಿದ ಮೇಲೆ ಸುಮಾರು 227 ಕಿಲೋಮೀಟರು ಉದ್ದದ ಎಡದಂಡೆ ಕಾಲುವೆ ಕೊಪ್ಪಳ, ಸಿಂಧನೂರು, ಮಾನ್ವಿಗಳನ್ನು ಹಾದು ರಾಯಚೂರಿನತ್ತ ಬಂತು. ಆಂಧ್ರದ ಕರಾವಳಿಯಿಂದ ರೈತರು ಬಂದು ಜಮೀನು ಕೊಂಡು ನೆಲೆಸಿದ ‘ಕ್ಯಾಂಪು’ಗಳು ಕಾಲುವೆಯ ಪಕ್ಕ ತಲೆ ಎತ್ತಿದವು. ದೇವದುರ್ಗದ ಕಡೆಗೆ ಕೃಷ್ಣೆಯ ನಾರಾಯಣಪುರ ಬಲದಂಡೆ ಕಾಲುವೆ ನೀರು ತಂದಿತು.

ಎಡದಂಡೆ ಕಾಲುವೆ ಯೋಜನೆ ರೂಪಿಸಿದವರು ಬಹುಭಾಗಕ್ಕೆ ಅಂದುಕೊಂಡದ್ದು ಹೆಚ್ಚು ನೀರು ಬೇಡದ ಅರೆನೀರಾವರಿ ಬೆಳೆ. ಬೆಳೆದದ್ದು ಭತ್ತ. ಮೇಲಿನವರು ನೀರು ಹಿಡಿದುಕೊಂಡರೆ ಕೆಳಗಿನವರಿಗೆ ಇಲ್ಲ. ಕಾಲುವೆಯ ಕೊನೆಯ ಭಾಗದಲ್ಲಿರುವ ಮಾನ್ವಿ, ರಾಯಚೂರು ಕಡೆಯ ರೈತರು ನೀರಿಗಾಗಿ ರಸ್ತೆಗಿಳಿಯುವುದು ಪತ್ರಿಕೆ ಓದುವವರಿಗೆ ಹೊಸ ಸುದ್ದಿಯಲ್ಲ. ಪಹಣಿಯಲ್ಲಿ ‘ನೀರಾವರಿ’ ಎಂದು ಬರೆದಿರುವ ಎಷ್ಟೋ ಹಿಡುವಳಿಗಳು ವರ್ಷದ ಕೊನೆಗೆ ಮುಗಿಲು ನೋಡುತ್ತ ನಿಲ್ಲುತ್ತವೆ.

2024ರ ಆಗಸ್ಟ್ 10ರ ರಾತ್ರಿ ಈ ಜಲಾಶಯದ 33 ತೂಬುಗಳಲ್ಲಿ ಹತ್ತೊಂಬತ್ತನೆಯದರ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋಯಿತು. ಹಿಡಿದಿಟ್ಟ ನೀರು ಹೊಳೆ ಸೇರಿತು. ಸುಮಾರು ಒಂದು ವಾರದಲ್ಲಿ ತಂತ್ರಜ್ಞರು ಹರಿಯುವ ನೀರಿನಲ್ಲೇ ತಾತ್ಕಾಲಿಕ ಗೇಟು ಇಳಿಸಿದರು. ಆ ವಾರ ಸಿಂಧನೂರಿನಿಂದ ರಾಯಚೂರಿನವರೆಗೆ ಲಕ್ಷಾಂತರ ಜನ ಉಸಿರು ಬಿಗಿಹಿಡಿದು ಕಾದರು. ಸರಪಳಿಯೊಂದರ ಹಿಡಿತ ತಪ್ಪಿದರೆ ಎಷ್ಟು ಮನೆಗಳ ಒಲೆ ಅಲುಗಾಡುತ್ತದೆ ಎಂಬುದು ಆಗ ತಿಳಿಯಿತು.

ಹಿಡುವಳಿಯೊಳಗಿನ ಕೈ

ಸಾಗು ಎಂಬುದರಿಂದ ಸಾಗುವಳಿ, ಹುಟ್ಟು ಎಂಬುದರಿಂದ ಹುಟ್ಟುವಳಿ ಆದಂತೆಯೇ ಹಿಡಿ ಎಂಬುದರಿಂದ ಹಿಡುವಳಿ ಆಯಿತು. ಈಗ ಅದು ಅಂಕಿಸಂಖ್ಯೆಯ ಪದ. ಒಂದು ಹೆಕ್ಟೇರಿಗಿಂತ ಕಡಿಮೆ ಇದ್ದರೆ ಅತಿ ಸಣ್ಣ ಹಿಡುವಳಿ, ಒಂದರಿಂದ ಎರಡು ಹೆಕ್ಟೇರು ಇದ್ದರೆ ಸಣ್ಣ ಹಿಡುವಳಿ ಎಂದು ಸರ್ಕಾರ ವಿಂಗಡಿಸುತ್ತದೆ. ತಂದೆಯ ಎಂಟು ಎಕರೆ ನಾಲ್ಕು ಮಕ್ಕಳಿಗೆ ಎರಡೆರಡು ಎಕರೆಯಾಗುತ್ತ ಹಿಡುವಳಿ ಮತ್ತೆ ‘ಹಿಡಿ’ಯ ಗಾತ್ರಕ್ಕೇ ಇಳಿಯುತ್ತಿದೆ.

ಕಾಕತೀಯರ ಚಪ್ಪಡಿಯಿಂದ ಕಂಪ್ಯೂಟರ್ ಪಹಣಿಯವರೆಗೆ ಈ ಸೀಮೆಯನ್ನು ಹಿಡಿದವರ ಪಟ್ಟಿ ಉದ್ದವಾಗಿದೆ. ಅರಸರ ಹಿಡಿತಕ್ಕೆ ಶಾಸನವಿತ್ತು, ಜಾಗೀರದಾರರ ಹಿಡಿತಕ್ಕೆ ಸನದಿತ್ತು, ಇವತ್ತಿನ ಒಡೆಯರಿಗೆ ಪಹಣಿ ಇದೆ. ಬಾಯಿಮಾತಿನ ಮೇಲೆ ಲಾವಣಿ ಹಿಡಿದು, ಸಾಲ ಮಾಡಿ, ಮುಗಿಲು ನೋಡಿ ಬಿತ್ತುವವರ ಕೈಯಲ್ಲಿ ಏನೂ ಇಲ್ಲ. ಗೇಣಿ ಕಾಯ್ದೆಯನ್ನು ಹೇಗೆ ತಿದ್ದಬೇಕು ಎಂಬುದು ಶಾಸಕರೂ ಪರಿಣತರೂ ಕುಳಿತು ತೀರ್ಮಾನಿಸಬೇಕಾದ ವಿಷಯ. ಆದರೆ ಈ ವರ್ಷ ಈ ಹೊಲವನ್ನು ಉತ್ತವರು ಯಾರು ಎಂಬಷ್ಟನ್ನಾದರೂ ಒಡೆಯನ ಹಕ್ಕಿಗೆ ಕುಂದಿಲ್ಲದಂತೆ ಬರೆದಿಡಲು ಸಾಧ್ಯವಾಗಬೇಕು. ಸಾಗುವಳಿದಾರರ ಕಲಂ ಪಹಣಿಯಲ್ಲಿ ಈಗಾಗಲೇ ಇದೆ. ಅಲ್ಲಿ ಬರೆಯಬೇಕಾದ ಹೆಸರು ಯಾವುದೆಂದು ಊರಿನವರಿಗೆಲ್ಲ ಗೊತ್ತಿದೆ.